ಸೈಕಲ್ಲಿಗೂ ಎರಡು ಕೊಂಬು

ಶಿಕಾರಿಪುರದ ಬಸ್ ನಿಲ್ದಾಣದ ಮುಂದಾಗಲಿ, ಸೊರಬದ ಪೇಟೆಯಲ್ಲಾಗಲಿ, ರಸ್ತೆ ದಾಟುವ ವಿದ್ಯೆಯಲ್ಲಿ ಪಳಗಿದ ಜೀವಿ ಒಂದೇ: ದನ. ಅದು ಎಡಕ್ಕೆ ನೋಡುವುದಿಲ್ಲ, ಬಲಕ್ಕೆ ನೋಡುವುದಿಲ್ಲ. ಡಾಂಬರಿನ ನಡುಮಧ್ಯೆ ನಿಂತು, ಬಾಲ ಬೀಸಿ, ಬೆಳಗ್ಗೆ ಮೇದದ್ದನ್ನು ಮೆಲುಕು ಹಾಕುತ್ತದೆ. ಶಿವಮೊಗ್ಗದ ಬಸ್ಸು ನಿಲ್ಲುತ್ತದೆ, ಜಲ್ಲಿ ತುಂಬಿದ ಟಿಪ್ಪರೂ ನಿಲ್ಲುತ್ತದೆ. ಅದೇ ಜಾಗದಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು ಹ್ಯಾಂಡಲ್ಲಿಗೆ ಬುತ್ತಿ ಚೀಲ ನೇತುಹಾಕಿ, ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ನೆಲದ ಮೇಲೆ ಊರಿ ನಿಂತರೆ ಯಾರೂ ಬ್ರೇಕ್ ಮುಟ್ಟುವುದಿಲ್ಲ, ಹಾರನ್ ಮುಟ್ಟುತ್ತಾರೆ. ಆದ್ದರಿಂದ ನನ್ನ ವಾದ ಇಷ್ಟೆ: ಸೈಕಲ್ಲನ್ನು ದನವೆಂದು ಸರ್ಕಾರ ಘೋಷಿಸಬೇಕು. ಹುಚ್ಚು ಎನ್ನುತ್ತೀರಿ. ಹುಚ್ಚರಾಯಸ್ವಾಮಿ ನೆಲೆಸಿರುವ ಶಿಕಾರಿಪುರದ ಬಗ್ಗೆ ಬರೆಯುವಾಗ ಅಷ್ಟು ಸಲುಗೆ ಇರಲಿ.

ಕಾನೂನು ನನ್ನ ಕಡೆಗಿದೆ. 1988ರ ಮೋಟಾರು ವಾಹನ ಕಾಯ್ದೆಯ 132ನೆಯ ಕಲಂ ತೆಗೆದು ನೋಡಿ. ಪ್ರಾಣಿಯನ್ನು ಹೊಡೆದುಕೊಂಡು ಬರುತ್ತಿರುವವನಿಗೆ, ಅದು ಮೋಟಾರು ವಾಹನಕ್ಕೆ ಬೆದರಿ ಕೈಮೀರಬಹುದು ಎಂಬ ಅಂಜಿಕೆ ಹುಟ್ಟಿ ‘ನಿಲ್ಸಪ್ಪಾ’ ಎಂದರೆ ಚಾಲಕ ನಿಲ್ಲಿಸಬೇಕು. ದನ ಬೆದರಲೇಬೇಕೆಂದಿಲ್ಲ, ಬೆದರೀತು ಎಂಬ ಅನುಮಾನ ಸಾಕು. ಪಾದಚಾರಿಗೂ ಒಂದು ಹಕ್ಕಿದೆ. 2017ರ ಚಾಲನಾ ನಿಯಮಗಳ ಪ್ರಕಾರ, ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟೆಯಲ್ಲಿ ಅವನು ದಾಟುತ್ತಿದ್ದರೆ ವಾಹನ ನಿಂತು ದಾರಿ ಬಿಡಬೇಕು. ಆ ಪಟ್ಟೆ ಆರಿದ್ರಾ ಮಳೆಗೆ ತೊಳೆದುಹೋಗದೆ ಉಳಿದಿದ್ದರೆ, ಅನ್ನಿ. ಸೈಕಲ್ಲಿನವನು ಮಾತ್ರ ಇಳಿದು ತಳ್ಳಿದರೆ ಮನುಷ್ಯ, ಹತ್ತಿದರೆ ಯಾರೂ ಅಲ್ಲ. ಇದಕ್ಕಿಂತ ಸೈಕಲ್ಲನ್ನೇ ಪ್ರಾಣಿಯೆಂದು ಒಪ್ಪಿಬಿಡುವುದು ಸಲೀಸು. ಎರಡು ಕೊಂಬಿವೆ. ಕೊರಳಲ್ಲಿ ಗಂಟೆಯಿದೆ. ಗಾಳಿ ಕುಡಿಸದಿದ್ದರೆ ಬೆಳಗ್ಗೆ ಏಳುವುದಿಲ್ಲ, ಎಣ್ಣೆ ಬೀಳದಿದ್ದರೆ ದಾರಿಯುದ್ದಕ್ಕೂ ನರಳುತ್ತದೆ. ಹಿಂದಿನಿಂದ ಏರ್‌ಹಾರನ್ ಕೂಗಿದರೆ ಬೆದರಿ, ಚೈನು ಕಳಚಿಕೊಂಡು, ರಸ್ತೆ ಬಿಟ್ಟು ಮಣ್ಣಿಗಿಳಿಯುತ್ತದೆ. ಕನ್ನಡ ಭಾಷೆಯೂ ಸಾಕ್ಷಿ ಹೇಳುತ್ತದೆ: ನಾವು ದನವನ್ನೂ ಹೊಡೆಯುತ್ತೇವೆ, ಸೈಕಲ್ಲನ್ನೂ ಹೊಡೆಯುತ್ತೇವೆ. ಲಾರಿಯನ್ನೂ ಹೊಡೆಯುತ್ತಾರಲ್ಲ ಎಂದರೆ, ಹೌದು, ಆದರೆ ಲಾರಿ ತಿರುಗಿ ಹೊಡೆಯುತ್ತದೆ. ಇನ್ನೂ ನಂಬಿಕೆ ಬಾರದವರು ದೀಪಾವಳಿ ಕಳೆದ ಮೇಲೆ ಈ ಎರಡು ತಾಲ್ಲೂಕುಗಳ ಹೋರಿ ಬೆದರಿಸುವ ಹಬ್ಬ ನೋಡಲಿ. ಜೂಲ ಹೊದ್ದು, ಬಲೂನು ಕಟ್ಟಿಸಿಕೊಂಡು, ಕೊರಳಲ್ಲಿ ಕೊಬ್ಬರಿ ಹಾರ ಹಾಕಿಸಿಕೊಂಡ ಹೋರಿ ಓಡಿ ಬಂದರೆ ಇಡೀ ಊರು ಎರಡು ಪಾಲಾಗಿ ದಾರಿ ಬಿಡುತ್ತದೆ. ಸೈಕಲ್ಲಿಗೂ ನಾಲ್ಕು ಗಿಟುಕು ಕೊಬ್ಬರಿ ಕಟ್ಟೋಣ. ಟಿಪ್ಪರಿನವನು ಹೆದರದಿದ್ದರೂ ಕೊಬ್ಬರಿಯ ಆಸೆಗಾದರೂ ನಿಧಾನಿಸಿಯಾನು.

ಇಷ್ಟೆಲ್ಲ ಯಾಕೆ, ಸಿಗ್ನಲ್ ದೀಪ ಹಾಕಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. 1868ರಲ್ಲಿ ಲಂಡನ್ನಿನಲ್ಲಿ ನೆಟ್ಟ ಮೊದಲ ಸಿಗ್ನಲ್ ಗ್ಯಾಸಿನದು. ಮರು ತಿಂಗಳೇ ಸಿಡಿದು ಪೊಲೀಸನನ್ನೇ ಗಾಯಗೊಳಿಸಿತು. ಈಗಿನವು ಸಿಡಿಯುವುದಿಲ್ಲ, ನಿಜ. ಆದರೆ ಹಳದಿ ಬೆಳಕಿಗೆ ಸಾಮಾನ್ಯವಾಗಿ ಕೊಡುವ ಮೂರು ಸೆಕೆಂಡಿನಲ್ಲಿ, ಗಂಟೆಗೆ 12 ಕಿ.ಮೀ. ಹೋಗುವ ಸೈಕಲ್ಲು ಸಾಗುವುದು 10 ಮೀಟರ್. ಕ್ಯಾರಿಯರ್ ಮೇಲೆ ಅಕ್ಕಿ ಚೀಲವಿದ್ದರೆ ಅದೂ ಇಲ್ಲ. ಸರ್ಕಲ್ಲಿನ ಹೊಟ್ಟೆಯಲ್ಲಿರುವಾಗಲೇ ಆಚೆಯವರಿಗೆ ಹಸಿರು ಬಿದ್ದಿರುತ್ತದೆ. ನೆದರ್‌ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ಮಳೆ ಬಂದಾಗ ಸೈಕಲ್ಲಿಗೆ ಬೇಗ ಹಸಿರು ಕೊಡುವ ಸಿಗ್ನಲ್ ಇದೆ. ಅದನ್ನು ಸೊರಬಕ್ಕೆ ತಂದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೋಟಾರುಗಳು ಕೆಂಪಿನಲ್ಲೇ ತುಕ್ಕು ಹಿಡಿದಾವು. ಹಿಡಿಯಲಿ.

ಸೈಕಲ್ಲಿನವರೇನು ಸಾಚಾನೇ ಎಂಬುದು ಇನ್ನೊಂದು ಆಕ್ಷೇಪ. ಅಲ್ಲ. ಎದುರು ದಿಕ್ಕಿನಲ್ಲಿ ಬರುತ್ತಾರೆ, ಒಂದು ಕೈಯಲ್ಲಿ ಕೊಡೆ ಹಿಡಿಯುತ್ತಾರೆ, ಮೂವರು ಸಾಲಾಗಿ ಹರಟುತ್ತಾ ಹೋಗುತ್ತಾರೆ. ಆದರೆ ಸೈಕಲ್ಲು ತಪ್ಪಿದರೆ ಹೋಗುವುದು ಸೈಕಲ್ಲಿನವನ ಮೊಣಕಾಲು. ಟಿಪ್ಪರ್ ತಪ್ಪಿದರೂ ಹೋಗುವುದು ಸೈಕಲ್ಲಿನವನದೇ. ಇಲ್ಲಿ ನನಗೆ ನಗು ಬರುವುದಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾದಾಗ ಹಣಕಾಸು ಖಾತೆ ಇದ್ದದ್ದು ಆಗ ಶಿಕಾರಿಪುರದ ಶಾಸಕರಾಗಿದ್ದ ಬಿ.ಎಸ್. ಯಡಿಯೂರಪ್ಪನವರ ಬಳಿ. ದೂರದ ಹಳ್ಳಿಗಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೈಸ್ಕೂಲು ಬಿಡದಂತೆ ನೋಡಿಕೊಳ್ಳಲು ಅಂಥ ಒಳ್ಳೆಯ ಯೋಜನೆ ಅಪರೂಪ. ಕೊರೊನಾ ಕಾಲದಲ್ಲಿ ಅದು ನಿಂತಿತು. ನಡೆಯುತ್ತಿದ್ದಾಗಲೂ ಬೆಲ್ಲು, ಸ್ಟ್ಯಾಂಡು, ಕ್ಯಾರಿಯರ್ ಎಲ್ಲ ಲೆಕ್ಕ ಹಾಕಿ ಕೊಟ್ಟ ಸರ್ಕಾರ, ಸೈಕಲ್ಲು ಹೊಡೆಯಲು ರಸ್ತೆಯ ಅಂಚಿನಲ್ಲಿ ಆರಡಿ ಜಾಗ ಕೊಡುವುದನ್ನು ಮರೆತಿತ್ತು.

ಆದ್ದರಿಂದ, ಘೋಷಣೆ ಹೊರಡುವವರೆಗೆ, ಟಿಪ್ಪರಿನ ಅಣ್ಣಂದಿರಲ್ಲಿ ಒಂದು ಕೋರಿಕೆ. ಹೈಸ್ಕೂಲು ಬಿಡುವುದು ಸಂಜೆ ನಾಲ್ಕೂವರೆಯ ಹೊತ್ತಿಗೆ. ಆಗ ಶಿರಾಳಕೊಪ್ಪದ ರಸ್ತೆಯಲ್ಲಿ ಎದುರಿಗೆ ಬರುವುದು ದನದ ಹಿಂಡು ಎಂದುಕೊಂಡಾದರೂ ಬ್ರೇಕ್ ತುಳಿಯಿರಿ.