ಟವೆಲ್ಲಿನಡಿಯ ರೂಮು

ಚೌಕಾಸಿ ಚಿಕ್ಕಪ್ಪ ಫೋನಿನಲ್ಲಿ ರೂಮು ಮಾತಾಡಲು ಕೂತರೆಂದರೆ ಮನೆಯಲ್ಲಿ ಮಿಕ್ಸಿ ನಿಲ್ಲಬೇಕು, ಟೀವಿ ನಿಲ್ಲಬೇಕು, ಚಿಕ್ಕಮ್ಮ ಒಗ್ಗರಣೆ ಹಾಕುವುದನ್ನೂ ಮುಂದೂಡಬೇಕು. ಎಡಗೈಯಲ್ಲಿ ಫೋನು, ಬಲಗೈ ಮೇಲೆ ಹಾಸಿದ ಟವೆಲ್ಲು. ಈ ಟವೆಲ್ಲು ಯಾಕೆ ಎಂದು ಹೊಸಬರು ಕೇಳುತ್ತಾರೆ. ಮೂವತ್ತು ವರ್ಷ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಕುದುರಿಸಿದ ಕೈ ಅದು. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವವನು ದಡ್ಡ. ಟವೆಲ್ಲಿನಡಿ ಬೆರಳು ಹಿಡಿದು ಒತ್ತಬೇಕು, ಸುತ್ತ ನಿಂತವರಿಗೆ ಮುಖ ಮಾತ್ರ ಕಾಣಬೇಕು. ಮಡಿಕೇರಿಯ ಲಾಡ್ಜಿನ ಹುಡುಗಿಯ ಬೆರಳು ಫೋನಿನೊಳಗೆ ಸಿಗುವುದಿಲ್ಲವೆಂದು ಅವರಿಗೂ ಗೊತ್ತು. ಆದರೂ ಆಕೆ ರೇಟು ಹೇಳಿದ ಕೂಡಲೇ ಟವೆಲ್ಲಿನಡಿ ಎರಡು ಬೆರಳು ತಾವಾಗಿ ಮಡಚಿಕೊಳ್ಳುತ್ತವೆ.

ಶಿರಂಗಾಲದಲ್ಲಿ ಇಂಥವರೊಬ್ಬರು ತಯಾರಾದದ್ದಕ್ಕೆ ಭೂಗೋಳವೇ ಕಾರಣ. ಕಾವೇರಿ ಕೊಡಗನ್ನು ಬಿಟ್ಟು ಹೊರಡುವ ಊರು ನಮ್ಮದು. ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ ದಾಟಿ ಬಂದರೆ ನಾವು. ನಮ್ಮನ್ನು ದಾಟಿದರೆ ಕೊಣನೂರು, ಹಾಸನ ಜಿಲ್ಲೆ. ಇಲ್ಲಿ ಶುಂಠಿ ಇದೆ, ಮುಸುಕಿನ ಜೋಳ ಇದೆ, ಬೇಸಿಗೆಯಲ್ಲಿ ಬೆವರೂ ಇದೆ. ಆದರೆ ಬೆಂಗಳೂರಿನ ನೆಂಟರ ಲೆಕ್ಕದಲ್ಲಿ ಕೊಡಗಿನವರೆಲ್ಲ ಮಂಜಿನೊಳಗೆ ಹುಟ್ಟಿದವರು. ಮಡಿಕೇರಿ ನಮ್ಮ ಹಿತ್ತಲಿನ ಬಚ್ಚಲಿನಿಂದಾಚೆ ಎಲ್ಲೋ ಇರಬೇಕೆಂದು ಅವರ ನಂಬಿಕೆ. ಅದು ಸುಮಾರು ಐವತ್ತು ಕಿಲೋಮೀಟರ್ ಆಗುತ್ತದೆ ಎಂದರೆ, ನಾವು ಉಪಕಾರ ಮಾಡಲಾರದೆ ನೆಪ ಹೇಳುತ್ತಿದ್ದೇವೆ ಎಂದುಕೊಳ್ಳುತ್ತಾರೆ. "ನೀವು ಅಲ್ಲಿಯವರೇ ಅಲ್ವಾ, ಒಂದು ರೂಮು ಮಾತಾಡಿ" ಎಂಬ ಫೋನು ಬರುತ್ತದೆ. ಫೋನು ನೇರ ಚಿಕ್ಕಪ್ಪನ ಕೈಗೆ ಹೋಗುತ್ತದೆ.

ಚಿಕ್ಕಪ್ಪ ಕೂಡಲೇ ಮಾತಾಡುವುದಿಲ್ಲ. ಮಂಗಳವಾರ ಅಥವಾ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಕಾಯುತ್ತಾರೆ. ಶನಿವಾರ ಕೇಳಿದರೆ ಲಾಡ್ಜಿನವನು ರಾಜ, ಮಂಗಳವಾರ ಕೇಳಿದರೆ ನಾನು ರಾಜ ಎನ್ನುತ್ತಾರೆ. ಮಡಿಕೇರಿ ದಸರೆಗೆ, ತಲಕಾವೇರಿಯ ತುಲಾ ಸಂಕ್ರಮಣಕ್ಕೆ, ಡಿಸೆಂಬರ್ ಕೊನೆಗೆ ಅವರು ಯಾರಿಗೂ ರೂಮು ಮಾತಾಡಿಕೊಡುವುದಿಲ್ಲ. ಹೇಳಿದ ರೇಟಿಗೆ ಒಪ್ಪಿ ಬರುವುದು ಅವಮಾನ. ಆಷಾಢದ ಮಳೆಯಲ್ಲಿ ಮಾತ್ರ ತಾವಾಗಿಯೇ ಕೇಳುತ್ತಾರೆ, "ಯಾರಿಗಾದ್ರೂ ರೂಮು ಬೇಕೇನ್ರಪ್ಪಾ?"

ಅವರ ಅರ್ಥಶಾಸ್ತ್ರ ಸರಳ. "ರೂಮು ಅಂದ್ರೆ ಕೊತ್ತಂಬರಿ ಸೊಪ್ಪು. ಇವತ್ತು ರಾತ್ರಿ ಮಾರ್ದೆ ಇದ್ರೆ ನಾಳೆ ಬೆಳಗ್ಗೆ ತಿಪ್ಪೆಗೆ. ಎತ್ತಾದ್ರೆ ಮನೆಗೆ ಹೊಡ್ಕೊಂಡು ಹೋಗಿ ಮುಂದಿನ ಜಾತ್ರೆಗೆ ತರಬೋದು. ಖಾಲಿ ರಾತ್ರೀನ ಎಲ್ಲಿಗೆ ಹೊಡ್ಕೊಂಡು ಹೋಯ್ತಾನೆ?"

ಒಮ್ಮೆ ನಾನೇ ಪಕ್ಕದಲ್ಲಿದ್ದೆ. ಸ್ಪೀಕರಿನಲ್ಲಿ ಹುಡುಗಿಯ ದನಿ: "ಎರಡು ಸಾವಿರದ ಐನೂರು ಸರ್."

"ಯಾವೂರವ್ವಾ ನಿಂದು?"

"ಸರ್?"

"ಊರು ಕಣವ್ವ, ಊರು."

"ಅರಕಲಗೂಡು ಸರ್."

ಚಿಕ್ಕಪ್ಪ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ಬುಡವ್ವ ಮತ್ತೆ, ನಮ್ಮೋಳೇ ನೀನು! ನಮ್ಮ ಹೆಣ್ಮಕ್ಕಳನ್ನ ಅರ್ಧ ಆ ಕಡೆಗೇ ಕೊಟ್ಟಿರೋದು. ಮನೇವ್ರಿಗೆ ಏನು ರೇಟು ಹೇಳವ್ವ ಈಗ."

"ಆ್ಯಪಲ್ಲೂ ಇದೇ ರೇಟ್ ಇರೋದು ಸರ್."

ಆಕೆ ಈ ಮಾತು ಆಡಬಾರದಿತ್ತು. ಚಿಕ್ಕಪ್ಪ ಟೀ ಅಂಗಡಿಯಲ್ಲಿ ಪೇಪರನ್ನು ಮಡಿಕೆ ಮಡಿಕೆಯಾಗಿ ಓದುವವರು. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್–ಗೋಐಬಿಬೋ ಮತ್ತು ಓಯೋ ಮೇಲೆ ಒಟ್ಟು 392 ಕೋಟಿ ರೂಪಾಯಿ ದಂಡ ಹಾಕಿತ್ತು. ಹೋಟೆಲಿನವರು ಬೇರೆ ಕಡೆ ಆ್ಯಪಿನ ರೇಟಿಗಿಂತ ಅಗ್ಗಕ್ಕೆ ರೂಮು ಕೊಡಬಾರದು ಎಂಬ ಕರಾರು ಆ ಆದೇಶದಲ್ಲಿದ್ದ ತಕರಾರುಗಳಲ್ಲೊಂದು. ಆ ಸುದ್ದಿಯ ತುಂಡು ಇವತ್ತಿಗೂ ಅವರ ಡೈರಿಯಲ್ಲಿದೆ, ಲಕ್ಷ್ಮೀ ಪಟದ ಪಕ್ಕ.

"ಅದೇ ರೇಟ್ ಇರ್ಬೇಕು ಅಂತ ಕಟ್ಟುಪಾಡು ಮಾಡಿದ್ದಕ್ಕೇ ದಿಲ್ಲೀಲಿ ದಂಡ ಬಿದ್ದಿರೋದು ಕಣವ್ವ. ಆ ಆ್ಯಪ್ನೋನು ನೂರಕ್ಕೆ ಹದಿನೈದೋ ಇಪ್ಪತ್ತೋ ಮುರ್ಕೊಂಡೇ ಅಲ್ವಾ ನಿಂಗೆ ಕೊಡೋದು? ನಾನು ನೇರ ಫೋನ್ ಮಾಡಿವ್ನಿ. ಹದಿನೈದೇ ಅಂದ್ರೂ ಮುನ್ನೂರ ಎಪ್ಪತ್ತೈದು ಆಯ್ತು, ಅದು ನಂದು."

ಇನ್ನೊಂದು ಬೆರಳು ಮಡಚಿತು. ಮುಂದಿನದು ತೆರಿಗೆ. 7500 ರೂಪಾಯಿವರೆಗಿನ ರೂಮಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 12 ಇದ್ದದ್ದು 5ಕ್ಕೆ ಇಳಿದಿದೆ. "ಅದ್ರಲ್ಲಿ ನೂರ ಎಪ್ಪತ್ತೈದು ಇಳೀಬೇಕಲ್ಲವ್ವಾ, ಇಳಿಸಿದ್ದೀಯಾ?" ಆ ಹುಡುಗಿ ಸುಸ್ತಾಗಿ, ಮ್ಯಾನೇಜರನ್ನು ಕೇಳಿ ಹೇಳುತ್ತೇನೆ ಎಂದಳು. ಫೋನಿನಲ್ಲಿ ಪಿಟೀಲು ಶುರುವಾಯಿತು.

"ಮ್ಯಾನೇಜರೂ ಇಲ್ಲ, ಗೀನೇಜರೂ ಇಲ್ಲ" ಎಂದು ಚಿಕ್ಕಪ್ಪ ಪಿಸುಗುಟ್ಟಿದರು. "ಒಂದರಿಂದ ಇಪ್ಪತ್ತು ಎಣಿಸ್ತಾವ್ಳೆ. ಜಾತ್ರೇಲಿ ನಾವೂ 'ಮನೇಲಿ ಕೇಳ್ಕೊಂಡು ಬತ್ತೀನಿ' ಅಂತ ಮರದ ಹಿಂದೆ ಬೀಡಿ ಸೇದ್ಕೊಂಡು ಬತ್ತಿರ್ಲಿಲ್ವಾ?"

ಪಿಟೀಲು ನಿಂತಿತು. ಎರಡು ಸಾವಿರದ ನೂರು, ತಿಂಡಿ ಸೇರಿ. ಚಿಕ್ಕಪ್ಪ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. ಆ ನಾನೂರು ರೂಪಾಯಿಯಲ್ಲಿ ಅವರಿಗೆ ಒಂದು ಪೈಸೆಯೂ ಇಲ್ಲ. ಉಳಿದದ್ದು ಬೆಂಗಳೂರಿನ ಷಡ್ಡಕನ ಮಗನಿಗೆ, ಅವನು ಅದನ್ನು ಬೈಲುಕುಪ್ಪೆಯಲ್ಲಿ ಮೊಮೋ ತಿಂದು ಮುಗಿಸುತ್ತಾನೆ. ಆದರೆ "ಆಯ್ತು ಸರ್, ನಿಮಗೋಸ್ಕರ" ಎಂದು ಆಕೆ ಅಂದಳಲ್ಲ, ಅದನ್ನು ಎರಡು ದಿನ ಟೀ ಅಂಗಡಿಯಲ್ಲಿ ಬಡಿಸಿದರು.

ಅವರು ಸೋತದ್ದು ನನಗೆ ಗೊತ್ತಿರುವ ಮಟ್ಟಿಗೆ ಧರ್ಮಸ್ಥಳದಲ್ಲಿ ಮಾತ್ರ. ಅಲ್ಲಿಯ ವಸತಿಗೆ ನಿಗದಿಯಾದ ದರ, ಚೌಕಾಸಿಗೆ ಜಾಗವಿಲ್ಲ. ಸಾಲಿನಲ್ಲಿ ನಿಂತು ಸುಮ್ಮನೆ ದುಡ್ಡು ಕೊಟ್ಟು ಬಂದರು. ಆಮೇಲೆ ಚಿಕ್ಕಮ್ಮ ಹೇಳಿದ್ದು: "ದೇವ್ರ ಮನೇಲಿ ಮಾಡ್ಲಿಲ್ಲ, ದೇವ್ರ ಎದ್ರಿಗೆ ಮಾಡುದ್ರು. ಐದು ತೆಂಗಿನಕಾಯಿ ಹರಕೆ ಹೊತ್ತಿದ್ದು, ಮೂರಕ್ಕೆ ಮುಗಿಸ್ಕೊಡಪ್ಪಾ ಮಂಜುನಾಥ ಅಂತ ಕೈ ಮುಗಿದ್ರು."

ಈಗ ವರ್ತಮಾನಕ್ಕೆ ಬರುತ್ತೇನೆ. ಈ ವರ್ಷ ಅವರ ಮಗ ಮಹಡಿಯ ಮೇಲೆ ಎರಡು ರೂಮು ಕಟ್ಟಿಸಿ ಹೋಮ್‌ಸ್ಟೇ ಎಂದು ಬೋರ್ಡು ಹಾಕಿದ್ದಾನೆ. ಬೋರ್ಡಿನಲ್ಲಿ ಮಂಜು, ಬೆಟ್ಟ, ಒಂದು ಆನೆ. ಕಿಟಕಿ ತೆಗೆದರೆ ಜೋಳದ ಹೊಲ, ಅದರಾಚೆ ಕಾವೇರಿ, ಅದರಾಚೆ ಪಿರಿಯಾಪಟ್ಟಣ ತಾಲ್ಲೂಕು, ಅಂದರೆ ಕೊಡಗಿನ ಹೋಮ್‌ಸ್ಟೇಯಿಂದ ಕಾಣುವುದು ಮೈಸೂರು ಜಿಲ್ಲೆ. ಬೋರ್ಡಿನಲ್ಲಿರುವುದು ಚಿಕ್ಕಪ್ಪನ ನಂಬರು, ಯಾಕೆಂದರೆ ಮನೆಯಲ್ಲಿ ಮಾತಿಗೆ ಬಿಡುವಿರುವುದು ಅವರಿಗೇ.

ಮೊದಲ ಫೋನು ಬಂದಾಗ ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಟವೆಲ್ಲು ಹಾಸಿದರು. ಬೆಂಗಳೂರಿನ ಹುಡುಗನೊಬ್ಬ, ರೇಟು ಕೇಳಿದ. ಇಳಿಯಲು ಬೇಕಾದಷ್ಟು ಮೆಟ್ಟಿಲಿಟ್ಟು, ಎರಡು ಸಾವಿರದ ಎಂಟುನೂರು ಎಂದರು.

"ಓಕೆ ಅಂಕಲ್. ಯುಪಿಐ ಮಾಡಿದೀನಿ, ನೋಡಿ."

ಫೋನು ಕಟ್ಟಾಯಿತು. ಟಣ್ ಎಂದು ದುಡ್ಡೂ ಬಂತು. ಚಿಕ್ಕಪ್ಪ ಟವೆಲ್ಲಿನಡಿಯ ಕೈಯನ್ನೇ ನೋಡುತ್ತ ಕೂತರು. ಮಗ ಖುಷಿಯಲ್ಲಿ ಕುಣಿದ. ಚಿಕ್ಕಮ್ಮ ಪಾಯಸ ಮಾಡಲೇ ಎಂದರು. "ಏನೂ ಅನ್ಲೇ ಇಲ್ವಲ್ಲೋ ಅವ್ನು" ಎಂದು ಚಿಕ್ಕಪ್ಪ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಹತ್ತು ಗಂಟೆಯ ಮೇಲೆ ಜಗುಲಿಯಿಂದ ಅವರ ದನಿ ಕೇಳಿಸಿತು. ಅದೇ ಹುಡುಗನಿಗೆ ತಾವೇ ಫೋನು ಹಚ್ಚಿದ್ದರು.

"ಅಲ್ಲಪ್ಪಾ, ನಾನ್ನೂರು ಕಮ್ಮಿ ಮಾಡ್ಕೊಡ್ತೀನಿ. ಆದ್ರೆ ನೀನು ಮೊದ್ಲು ಕೇಳ್ಬೇಕು... ಇಲ್ಲಪ್ಪಾ, ಹಂಗೆಲ್ಲ ಕೊಡಕ್ಕಾಗಲ್ಲ, ಕೇಳು ಅಂದ್ನಲ್ಲ... ಇರ್ಲಿ ಬುಡು, ನಿಂದು ಯಾವೂರು ಹೇಳು?"