ಕಡೆಯವರಿಗೇ ಜೋರು ಚಪ್ಪಾಳೆ

ನಮ್ಮ ಬಡಾವಣೆಯ ಜಿಮ್ಮಿನಲ್ಲಿ ಕನ್ನಡಿಯಿಲ್ಲ. ಹಾಗಾಗಿ ತೋಳುಬ್ಬಿಸಿ ಸೆಲ್ಫಿ ತೆಗೆಯುವವರೆಲ್ಲ ಬೇಗನೆ ಕಾಲ್ಕಿತ್ತರು. ಉಳಿದವರು ನಾವು: ಮಂಡಿನೋವಿನ ನಿವೃತ್ತ ಮೇಷ್ಟ್ರು, ಸೊಂಟ ಹಿಡಿದ ಸಾಫ್ಟ್‌ವೇರ್ ಹುಡುಗರು, ಮೊಮ್ಮಗನನ್ನು ಎತ್ತಿಕೊಳ್ಳಬೇಕೆಂದೇ ಬರುವ ಒಬ್ಬ ಅಜ್ಜಿ. ಇಲ್ಲಿ ಫಂಕ್ಷನಲ್ ಫಿಟ್‌ನೆಸ್ ಅಂದರೆ ಕೂರುವುದು, ಏಳುವುದು, ಭಾರ ಹೊತ್ತು ನಡೆಯುವುದು. ಎರಡೂ ಕೈಯಲ್ಲಿ ಕೆಟಲ್‌ಬೆಲ್ ಹಿಡಿದು ನಡೆಯುವ ಕ್ರಮವನ್ನು ಕೋಚ್ ವಿವರಿಸಿ ಮುಗಿಸುವ ಮೊದಲೇ ಅಜ್ಜಿ ಆ ತುದಿ ಮುಟ್ಟಿದ್ದರು. ಬೋರ್‌ವೆಲ್ ನೀರು ಹೊತ್ತ ಕೈಗಳವು!

ಕೆಟಲ್‌ಬೆಲ್ ಮೂಲದಲ್ಲಿ ರಷ್ಯಾದವರು ಧಾನ್ಯ ತೂಗಲು ಬಳಸುತ್ತಿದ್ದ ತೂಕದ ಬಟ್ಟು. ಅಲ್ಲಿನ ಹಳೆಯ ತೂಕದ ಅಳತೆಯಾದ ಒಂದು ಪೂಡ್ ಅಂದರೆ ಸುಮಾರು 16 ಕೆ.ಜಿ. ಕೆಟಲ್‌ಬೆಲ್ಲನ್ನು ಕ್ಷಮಿಸಬಹುದು. ಬರ್ಪಿ ಎಂಬ ಕಸರತ್ತನ್ನು ಮಾತ್ರ ಕ್ಷಮಿಸಲು ಸಾಧ್ಯವಿಲ್ಲ. ಕುಕ್ಕರಗಾಲಲ್ಲಿ ಕೂತು, ಕಾಲು ಹಿಂದಕ್ಕೆಸೆದು, ಮತ್ತೆ ಎಳೆದುಕೊಂಡು ಎದ್ದು ನಿಲ್ಲುವ ಈ ಶಿಕ್ಷೆಯನ್ನು 1930ರ ದಶಕದಲ್ಲಿ ರೂಪಿಸಿದವರು ಅಮೆರಿಕದ ರಾಯಲ್ ಬರ್ಪಿ. ದೇಹದ ಕ್ಷಮತೆ ಅಳೆಯಲು ಅವರು ಮಾಡಿಸುತ್ತಿದ್ದದ್ದು ನಾಲ್ಕೇ ಸಲ. ಈ ಇತಿಹಾಸವನ್ನು ಮೇಷ್ಟ್ರು ಏದುಸಿರಿನಲ್ಲೇ ಒಪ್ಪಿಸಿದರು. ಕೋಚ್ ಗಮನವಿಟ್ಟು ಕೇಳಿ, "ಸರಿ ಸಾರ್, ಈಗ ಇನ್ನು ಹತ್ತು" ಎಂದ.

ಇಲ್ಲಿ ಎಲ್ಲರಿಗಿಂತ ಕೊನೆಗೆ ಮುಗಿಸುವವರಿಗೇ ಜೋರು ಚಪ್ಪಾಳೆ. ಮೊದಲೇ ಮುಗಿಸಿದವರು ಸುತ್ತ ನಿಂತು "ಇನ್ನೊಂದೇ, ಇನ್ನೊಂದೇ" ಎಂದು ಹುರಿದುಂಬಿಸುತ್ತಾರೆ. ರ‍್ಯಾಂಕ್ ಬಂದವರಿಗಷ್ಟೇ ಶಾಲು ಹೊದಿಸುವ ನಮ್ಮ ನಾಡಿನಲ್ಲಿ ಇದು ಅಪರೂಪವೇ. ಆದರೆ ಅಷ್ಟು ಜನ ನೋಡುತ್ತಿರುವಾಗ ನಡುವೆ ಬಗ್ಗಿ ಶೂ ಲೇಸ್ ಕಟ್ಟುವ ನಾಟಕ ನಡೆಯುವುದಿಲ್ಲ. ನನ್ನ ತಕರಾರು ಅಷ್ಟೇ. ನೀವೂ ಬನ್ನಿ. ನನಗಿಂತ ನಿಧಾನದವರೊಬ್ಬರು ತುರ್ತಾಗಿ ಬೇಕಾಗಿದ್ದಾರೆ.