ಮೊಹರಿನ ಸನ್ನಿಧಿಯಲ್ಲಿ

ಮನೆಯ ಮೀಟರಿನ ಸೀಲು ಹರಿದಿದೆಯೆಂದೂ, ಹರಿದದ್ದು ಇಲಿಯೆಂಬ ನನ್ನ ವಾದಕ್ಕೆ ಸಾಕ್ಷ್ಯವಿಲ್ಲವೆಂದೂ ನಿರ್ಣಯಿಸಿ ವಿದ್ಯುತ್ ಕಚೇರಿಯವರು ದಂಡ ವಿಧಿಸಿಹೋದಂದಿನಿಂದ ಮೊಹರೆಂಬ ಪದಾರ್ಥದ ವಿಷಯದಲ್ಲಿ ನನ್ನಲ್ಲಿ ಹುಟ್ಟಿದ ಜಿಜ್ಞಾಸೆಯೇ, ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸೇವೆಯಲ್ಲಿ ಸವೆದ ಈ ಲೋಹದ ಬಿಲ್ಲೆಯ ಸನ್ನಿಧಿಗೆ ನನ್ನನ್ನು ಕರೆತಂದಿತು.

ನಾನು: ಮಹಾಶಯರೆ, ತಮ್ಮ ವೃತ್ತಿ?

ಮೊಹರು: ಯುರೇನಿಯಮ್ಮಿನ ಪೀಪಾಯಿಗೋ ಕ್ಯಾಮೆರಾದ ಪೆಟ್ಟಿಗೆಗೋ ತಂತಿ ಸುತ್ತಿ ನನ್ನನ್ನು ಕಚ್ಚಿಸುವರು; ನಾನು ಹಿಂದಿರುಗಿದ ಮೇಲೆ ನನ್ನ ಒಳಮೈಯ ಗೀರುಗಳನ್ನು ವಿಯೆನ್ನಾದಲ್ಲಿರುವ ಚಿತ್ರದೊಡನೆ ತಾಳೆ ನೋಡುವರು. ಕಳ್ಳನನ್ನು ತಡೆಯಲಾರೆ, ಬಂದುಹೋದನೆಂದು ಹೇಳಬಲ್ಲೆ.

ನಾನು: ಇಲಿ ಬಂದುಹೋದದ್ದನ್ನು?

ಮೊಹರು: 2002ರ ಡಿಸೆಂಬರಿನಲ್ಲಿ ಉತ್ತರ ಕೊರಿಯಾದ ಯೊಂಗ್‌ಬ್ಯೊನ್‌ನಲ್ಲಿ ನಮ್ಮನ್ನು ಕಿತ್ತವು ಇಲಿಗಳಲ್ಲ! ಸುಮಾರು 8,000 ಬಳಸಿದ ಇಂಧನದ ಸರಳುಗಳನ್ನು ವರ್ಷಗಟ್ಟಲೆ ಕಾದಿದ್ದೆವು. ನಮ್ಮನ್ನು ಕಿತ್ತರು, ಪರಿವೀಕ್ಷಕರನ್ನು ದೇಶ ಬಿಡಿಸಿದರು, 2006ರಲ್ಲಿ ಬಾಂಬು ಸಿಡಿಸಿದರು. ನಾವು ಸಾಕ್ಷಿ ನುಡಿದೆವು. ಎಲ್ಲರೂ ಕೇಳಿದರು, ಖಂಡಿಸಿದರು, ಊಟಕ್ಕೆ ಎದ್ದರು.

ನಾನು: 1991ಕ್ಕೆ ಮೊದಲು ಇರಾಕಿನ ತುವೈತಾದಲ್ಲಿ, ತಾವು ಕಾವಲಿದ್ದ ಆವರಣದಲ್ಲಿಯೇ ಗುಟ್ಟಿನ ಕೆಲಸ ನಡೆದಿತ್ತಂತಲ್ಲ?

ಮೊಹರು: ಯೊಂಗ್‌ಬ್ಯೊನ್‌ನಲ್ಲಿ ಚಳಿ ವಿಪರೀತ, ಸ್ವಾಮಿ.

ನಾನು: ಈಚೆಗೆ ಇರಾನಿನಲ್ಲಿ—

(ದೀರ್ಘ ಮೌನ.)

ಮೊಹರು: ಇರಾನ್ ಸತ್ಯಹರಿಶ್ಚಂದ್ರನೆಂದು ನಾನು ಹೇಳೆನು; 2006ರಲ್ಲಿ ನತಾಂಜಿನ ನಮ್ಮ ಮೊಹರುಗಳನ್ನು ತೆಗೆಸಿದವರು ಅವರೇ. ಆದರೆ 2025ರ ಜೂನಿನಲ್ಲಿ ಅಲ್ಲಿ ಬಾಂಬು ಸುರಿಸಿದ ಇಬ್ಬರಲ್ಲಿ ಒಬ್ಬರಾದ ಇಸ್ರೇಲಿನವರು ತಮ್ಮ ಡಿಮೋನಾದ ಸ್ಥಾವರಕ್ಕೆ ನಮ್ಮನ್ನು ಸೇರಿಸಿದವರಲ್ಲ; ಇನ್ನೊಬ್ಬರಾದ ಅಮೆರಿಕೆಯವರ ಅಸ್ತ್ರಾಗಾರಕ್ಕೆ ನಮ್ಮ ಕಾವಲು ಬೇಡವೆಂದು 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದವೇ ಅನುಗ್ರಹಿಸಿದೆ. ಶೇಕಡಾ 60ರವರೆಗೆ ಸಂವರ್ಧಿಸಿದ 400 ಕಿಲೋಗ್ರಾಮಿಗೂ ಮಿಕ್ಕ ಯುರೇನಿಯಮ್ಮನ್ನು ಅಂದಿನವರೆಗೆ ಪರಿವೀಕ್ಷಕರು ಎಣಿಸುತ್ತಿದ್ದರು. ಬಾಂಬು ಬಿದ್ದ ಮೇಲೆ ಲೆಕ್ಕ ತಪ್ಪಿತು. ಎಣಿಸಲು ಬಿಟ್ಟವನ ಮನೆಯನ್ನು ಎಣಿಸಗೊಡದವನು ಸುಟ್ಟರೆ, ಇನ್ನು ಯಾವ ದೇಶ ನನಗೆ ಬಾಗಿಲು ತೆರೆದೀತು? ಹೇಳಿ!

ನಾನು (ಮಾತು ತಿರುಗಿಸಲೆಂದು): ನಮ್ಮ ಕೈಗಾದ ಕಾಡು ಬಹು ರಮ್ಯ. ನೋಡಿದ್ದೀರಾ?

ಮೊಹರು: ಹೇಗೆ ನೋಡಲಿ? ಅಮೆರಿಕೆಯೊಡನೆ ಒಪ್ಪಂದಕ್ಕೆ ಕೂತಾಗ ಅಲ್ಲಿಯ 4 ಸ್ಥಾವರಗಳನ್ನೂ ನಿಮ್ಮವರು ನನ್ನ ಪಟ್ಟಿಯಿಂದ ಹೊರಗಿರಿಸಿಕೊಂಡರು. ಅದಿರಲಿ, ಶಾಂತಿಗೆಂದು ಕೆನಡಾ ಕೊಟ್ಟ ಸ್ಥಾವರ ಸೈರಸ್‌ನ ಪ್ಲುಟೋನಿಯಮ್ಮು 1974ರಲ್ಲಿ ಪೋಖ್ರಾನಿಗೆ—

ನಾನು: ಇಲಿಯ ವಿಷಯ ಅರ್ಧಕ್ಕೇ ನಿಂತಿತು.

ಮೊಹರು: ದಂಡ ತೆತ್ತಿರಾ?

ನಾನು: ಮುನ್ನೂರು ರೂಪಾಯಿ.

ಮೊಹರು: ಸೀಲು ಹರಿದದ್ದಕ್ಕೆ? ನಿಜವಾಗಿಯೂ ವಸೂಲು ಮಾಡಿದರೆ?

ಜೇಬಿನಿಂದ ರಸೀತಿ ತೆಗೆದು ಓದಿದೆ. ಅದನ್ನು ಇನ್ನೊಮ್ಮೆ ಓದಿ ಹೇಳಿರೆಂದು ಮೊಹರು ಕೇಳಿತು.